ತೆರೆಯ ಮೇಲೆ ಭೌತಶಾಸ್ತ್ರ

ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನ ಸಂಸ್ಥೆಯು ರೋಣ, ನರಗುಂದ, ಗಜೇಂದ್ರಗಡಗಳಿಂದ ಸುಮಾರು 400 ಕಿಲೋಮೀಟರು ದೂರದಲ್ಲಿದೆ. ಬೆಳಕನ್ನೂ ನಕ್ಷತ್ರಗಳನ್ನೂ ಕುರಿತು ಅಲ್ಲಿ ನಡೆಯುವ ಕಾರ್ಯದಲ್ಲಿ ಈ ಎರೆನಾಡಿನ ವಿದ್ಯಾರ್ಥಿಗೆ ಆಸಕ್ತಿ ಹುಟ್ಟುವುದೆಂತು? ಚಲನಚಿತ್ರವು ಅದಕ್ಕೊಂದು ಹಾದಿಯೆಂದು ನಾವು ಭಾವಿಸುತ್ತೇವೆ.

2013ರ ‘ದಿ ಕ್ವಾಂಟಮ್ ಇಂಡಿಯನ್ಸ್’ ಸಾಕ್ಷ್ಯಚಿತ್ರವನ್ನೇ ನೋಡಿರಿ. ಬೋಸ್, ರಾಮನ್, ಸಹಾ ಈ ಮೂವರ ಸಾಧನೆಯನ್ನು ಬಣ್ಣಿಸುವ ಅದಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ದೊರೆತಿದೆ. ವಸ್ತುವಿನಿಂದ ಚೆದರಿದ ಬೆಳಕಿನಲ್ಲಿ ಅತ್ಯಲ್ಪ ಅಂಶದ ಬಣ್ಣ ಬದಲಾಗುವುದನ್ನು ರಾಮನ್ನರು 1928ರಲ್ಲಿ ಕಂಡುಹಿಡಿದರು. ಕೋಟಿ ಬೆಳಕಿನ ಕಣಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಈ ಬದಲಾವಣೆ! ಇಂಥ ಸೂಕ್ಷ್ಮವನ್ನು ಚಲಿಸುವ ಚಿತ್ರವು ಬೇಗ ಮನಗಾಣಿಸಬಲ್ಲದು.

ಆದರೆ ಒಂದು ಎಚ್ಚರಿಕೆ ಬೇಕು. 1921ರಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಕಂಡು ಕೆರಳಿದ ಕುತೂಹಲವು ಈ ಶೋಧವನ್ನು ಮುಟ್ಟಲು 7 ವರ್ಷಗಳ ದುಡಿಮೆ ಬೇಕಾಯಿತು. ತೆರೆಯ ಮೇಲೆ ಅದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದುದರಿಂದ ಚಿತ್ರ ಮುಗಿದೊಡನೆ ಎದ್ದುಹೋಗಬೇಡಿರಿ. ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಬೆರೆಸಿ, ಕತ್ತಲಲ್ಲಿ ಬ್ಯಾಟರಿಯ ಬೆಳಕನ್ನು ಹಾಯಿಸಿರಿ. ಬದಿಯಿಂದ ನೋಡಿದರೆ ನಸುನೀಲಿ, ಎದುರಿನಿಂದ ನೋಡಿದರೆ ನಸುಗೆಂಪು. ಇದೇಕೆ ಹೀಗೆ ಎಂದು ಕೇಳಿದವರೇ ಮುಂದೊಂದು ದಿನ ಆ ಸಂಸ್ಥೆಯ ಬಾಗಿಲನ್ನು ತಟ್ಟಬಲ್ಲರು.