ಹಿತ್ತಲಿನ ಗುರಿಗೆ ಸದ್ದಿಲ್ಲದ ಏರ್‌ಗನ್

ಏರ್‌ಗನ್ನಿನ ಸದ್ದು ಮೂರು ಕಡೆಯಿಂದ ಹುಟ್ಟುತ್ತದೆ. ನಳಿಗೆಯ ಬಾಯಿಂದ ಗಾಳಿ ನುಗ್ಗುವಾಗ ಒಂದು, ಬಂದೂಕಿನೊಳಗೆ ಪಿಸ್ಟನ್ನಿನಂಥ ಭಾಗ ಬಡಿಯುವಾಗ ಇನ್ನೊಂದು, ಚರೆ ಹೋಗಿ ಗುರಿಗೆ ಅಪ್ಪಳಿಸುವಾಗ ಮತ್ತೊಂದು. ಕೊಳ್ಳುವವರ ಗಮನವೆಲ್ಲ ಮೊದಲನೆಯದರ ಮೇಲೆಯೇ ಇರುತ್ತದೆ. ಆದರೆ ಪಕ್ಕದ ಮನೆಗೆ ಕೇಳಿಸುವುದು ಎಷ್ಟೋ ವೇಳೆ ಮೂರನೆಯದು. ತಗಡಿನ ಡಬ್ಬಕ್ಕೆ ಬಿದ್ದ ಚರೆಯ ಠಣತ್ಕಾರ ಬಂದೂಕಿನ ಸದ್ದನ್ನೇ ಮೀರಿಸುತ್ತದೆ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ 1,125 ಅಡಿ. ಚರೆ ಇದನ್ನು ದಾಟಿದರೆ ಚಾಟಿ ಬೀಸಿದಂಥ ಸಿಡಿತ ಕೇಳುತ್ತದೆ. ನಳಿಗೆಗೆ ಏನು ಕಟ್ಟಿದರೂ ಅದು ಅಡಗುವುದಿಲ್ಲ. ಪೆಟ್ಟಿಗೆಯ ಮೇಲೆ ‘1,200 ಅಡಿ ವೇಗ’ ಎಂದು ದೊಡ್ಡಕ್ಷರದಲ್ಲಿ ಬರೆದ ಬಂದೂಕು ಹಿತ್ತಲಿಗೆ ತಕ್ಕದ್ದಲ್ಲ ಎನ್ನಲು ಇಷ್ಟೇ ಸಾಕು. ಗುರಿಯ ನಿಖರತೆಗೂ ಅಷ್ಟು ವೇಗ ಬೇಡ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಬಂದೂಕುಗಳು ಅರ್ಧ ಗ್ರಾಂ ಆಸುಪಾಸಿನ ಚರೆಯನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹಾರಿಸುತ್ತವೆ. ಶಕ್ತಿ ಏಳೆಂಟು ಜೌಲ್ ಅಷ್ಟೇ. ಅಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್!

ಹಾಗಾಗಿ ಸದ್ದು ಕಡಿಮೆ ಮಾಡುವ ಮೊದಲ ದಾರಿ ಶಕ್ತಿ ಕಡಿಮೆ ಮಾಡುವುದು. ಹಿತ್ತಲಿನಲ್ಲಿ ಗುರಿ ಕಲಿಯುವ ಮಕ್ಕಳಿಗೆ ಬೇಕಾದದ್ದೂ ಅದೇ.

ಬಂದೂಕಿನ ಬಗೆಗಳಲ್ಲಿ ಸ್ಪ್ರಿಂಗ್ ಪಿಸ್ಟನ್ನಿನದು ಹೆಚ್ಚು ಬಳಕೆಯದು. ನಳಿಗೆಯನ್ನು ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಇದರ ಸದ್ದು ಬಹುಪಾಲು ಒಳಗಿನದು. ಕೆನ್ನೆ ಬಂದೂಕಿನ ಹಿಡಿಮರಕ್ಕೆ, ಅಂದರೆ ಬಟ್ಟಿಗೆ, ಒತ್ತಿರುವುದರಿಂದ ಹಾರಿಸುವವರಿಗೆ ಜೋರಾಗಿ ಕೇಳಿದರೂ ಹತ್ತು ಹೆಜ್ಜೆ ಆಚೆ ಮಂದವಾಗಿರುತ್ತದೆ. ಹೊಸ ಬಂದೂಕು ಮೊದಲ ಕೆಲವು ಬಾರಿ ಅಬ್ಬರಿಸುವುದುಂಟು. ಒಳಗೆ ಉಳಿದ ಎಣ್ಣೆ ಒತ್ತಡದ ಬಿಸಿಗೆ ಹೊತ್ತಿಕೊಳ್ಳುವುದೇ ಇದಕ್ಕೆ ಕಾರಣ. ಎಣ್ಣೆ ತೀರಿದ ಮೇಲೆ ತಾನೇ ತಣ್ಣಗಾಗುತ್ತದೆ. ಮಕ್ಕಳ ಮಟ್ಟಿಗೆ ತೊಡಕಿರುವುದು ನಳಿಗೆ ಮಡಚುವ ಬಲದಲ್ಲಿ. ದೊಡ್ಡವರ ಬಂದೂಕನ್ನು ಎಂಟು ವರ್ಷದ ಮಗು ಮಡಚಲಾರದು. ಅರ್ಧ ಮಡಚಿದಾಗ ಕೈ ಜಾರಿದರೆ ನಳಿಗೆ ಚಿಮ್ಮಿ ಬೆರಳು ಜಜ್ಜಬಹುದು.

ಕೈಯಿಂದ ಪಂಪ್ ಹೊಡೆದು ಗಾಳಿ ತುಂಬುವ ಬಗೆ ಮನೆಗೆ ಹೆಚ್ಚು ಒಗ್ಗುತ್ತದೆ. ಅಮೆರಿಕದ ಕ್ರಾಸ್‌ಮನ್ 760 1966ರಲ್ಲಿ ಬಂದದ್ದು, ಇಂದಿಗೂ ಮಾರಾಟದಲ್ಲಿದೆ. ಅದಕ್ಕೆ ಮೂರು ಪಂಪ್ ಹೊಡೆದರೆ ಸದ್ದು ಸಣ್ಣದು, ಹತ್ತು ಹೊಡೆದರೆ ದೊಡ್ಡದು. ಅಳತೆ ಹಿರಿಯರ ಕೈಯಲ್ಲೇ ಇರುತ್ತದೆ. ಪ್ರತಿ ಹೊಡೆತಕ್ಕೂ ಪಂಪ್ ಹೊಡೆಯಬೇಕಾದ್ದರಿಂದ ಮಗು ಎಡೆಬಿಡದೆ ಹಾರಿಸುವಂತಿಲ್ಲ. ಅದೂ ಒಳ್ಳೆಯದೇ. ಸಿಲಿಂಡರಿನಲ್ಲಿ 200 ಬಾರ್ ಆಸುಪಾಸು ಗಾಳಿ ತುಂಬಿಟ್ಟುಕೊಳ್ಳುವ ಪಿ.ಸಿ.ಪಿ. ಬಂದೂಕಿಗೆ ಹಿನ್ನೊದೆತ ಇಲ್ಲವೆಂಬಷ್ಟು ಕಡಿಮೆ. ನಳಿಗೆಗೆ ಕವಚವಿದ್ದು ಶಕ್ತಿಯನ್ನು ತಗ್ಗಿಸಿಟ್ಟರೆ ಅತಿ ಮೆಲ್ಲಗಿರುವುದೂ ಇದೇ. ಕವಚವಿಲ್ಲದಿದ್ದರೆ ಮಾತ್ರ ಸಿಡಿತ ಜೋರು. ಬೆಲೆ ಹೆಚ್ಚು, ಗಾಳಿ ತುಂಬುವ ಕೆಲಸ ಹಿರಿಯರದೇ ಆಗಬೇಕು. ಕಾರ್ಬನ್ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರಿನ ಬಂದೂಕುಗಳ ಸದ್ದೂ ವೇಗವೂ ಹವೆಯ ಬಿಸಿಗೆ ತಕ್ಕಂತೆ ಏರಿಳಿಯುತ್ತವೆ.

ಮಕ್ಕಳಿಗೆಂದೇ ರೂಪಿಸಿದ ಬಂದೂಕಿಗೆ ಒಳ್ಳೆಯ ಮಾದರಿ ಅಮೆರಿಕದ ಡೈಸಿ ಕಂಪನಿಯ 499. ಕಂಪನಿ 1882ರಲ್ಲಿ ಮಿಷಿಗನ್ನಿನ ಪ್ಲಿಮತ್‌ನಲ್ಲಿ ಗಾಳಿಯಂತ್ರ ಮಾಡಲು ಶುರುವಾದದ್ದು. ಗಾಳಿಯಂತ್ರ ಕೊಂಡ ರೈತರಿಗೆ ಕೊಡುಗೆಯಾಗಿ ಕೊಟ್ಟ ಏರ್‌ಗನ್ನೇ ಕೊನೆಗೆ ಅದರ ಮುಖ್ಯ ಸರಕಾಯಿತು. 499ರ ತೂಕ ಸುಮಾರು ಒಂದೂವರೆ ಕಿಲೋ, ಅದು ಹಾರಿಸುವ ಪುಟ್ಟ ಉಕ್ಕಿನ ಗುಂಡಿನ ವೇಗ ಸೆಕೆಂಡಿಗೆ 240 ಅಡಿ, ಶಕ್ತಿ ಒಂದು ಜೌಲ್‌ಗಿಂತ ಕಡಿಮೆ. ಗುಂಡನ್ನು ಒಂದೊಂದಾಗಿ ನಳಿಗೆಯ ಬಾಯಿಂದಲೇ ಹಾಕಬೇಕು. ಅಮೆರಿಕದ ಶಾಲಾ ಮಕ್ಕಳ 5 ಮೀಟರ್ ಸ್ಪರ್ಧೆಗಳಲ್ಲಿ ಇದೇ ಬಳಕೆಯಲ್ಲಿದೆ. ಸೆಕೆಂಡಿಗೆ 350 ಅಡಿ ಮೀರಿದ ಬಂದೂಕು ಹದಿನಾರರ ಕೆಳಗಿನವರಿಗೆ ಬೇಡವೆಂಬುದು ಆ ದೇಶದ ಗ್ರಾಹಕ ಸುರಕ್ಷಾ ಆಯೋಗದ ಸಲಹೆ. ಯಾವ ಬಂದೂಕಾದರೂ ಕೊಳ್ಳುವ ಮೊದಲು ಮಗುವಿನ ಕೈಗೆ ಕೊಟ್ಟು ನೋಡಬೇಕು. ಬಟ್ಟು ಉದ್ದವಾದರೆ ಮಗು ಬೆನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತದೆ. ಹಾಗೆ ನಿಂತು ಗುರಿ ಕಲಿಯುವುದು ಆಗದ ಮಾತು.

ಗುರಿಯ ಹಿಂದಿನ ತಡೆ ಬಂದೂಕಿನಷ್ಟೇ ಮುಖ್ಯ. ಮರದ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ, ಪತ್ರಿಕೆಗಳನ್ನು ಗಿಡಿದು ತುಂಬಿ ಮುಂದೆ ಕಾಗದದ ಗುರಿ ಅಂಟಿಸಿದರೆ ಕಡಿಮೆ ಶಕ್ತಿಯ ಚರೆ ಸದ್ದಿಲ್ಲದೆ ಅದರಲ್ಲಿ ಹುದುಗುತ್ತದೆ. ವಿದ್ಯುತ್ ಕೊಳವೆಯ ಬಾಯಿ ಮುಚ್ಚಲು ಬಳಸುವ, ಒಣಗಿ ಗಟ್ಟಿಯಾಗದ ಮೆತ್ತನೆಯ ಅಂಟು ಇನ್ನೂ ವಾಸಿ. ಪೆಟ್ಟಿಗೆಯ ಹಿಂದೆ ಮಣ್ಣಿನ ದಿಬ್ಬವೋ ಕಿಟಕಿಯಿಲ್ಲದ ಗೋಡೆಯೋ ಇರಬೇಕು. ಉಕ್ಕಿನ ಗುಂಡು ಗಟ್ಟಿ ವಸ್ತುವಿಗೆ ಬಡಿದರೆ ಹಾರಿಸಿದವರ ಕಡೆಗೇ ಪುಟಿಯುತ್ತದೆ. ಸೀಸದ ಚರೆ ಚಪ್ಪಟೆಯಾಗುವುದರಿಂದ ಅಷ್ಟು ಪುಟಿಯದು, ಆದರೆ ಸೀಸ ವಿಷ. ಚರೆಯನ್ನು ಬಾಯಲ್ಲಿಟ್ಟುಕೊಳ್ಳಬಾರದು, ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಮೆಲ್ಲಗೆ ಸದ್ದು ಮಾಡುವ ಬಂದೂಕು ನಿರುಪದ್ರವಿಯಲ್ಲ. ಒಂದು ಜೌಲ್ ಗುಂಡೂ ಕಣ್ಣನ್ನು ಕಳೆಯಬಲ್ಲದು. ನೋಡುತ್ತ ನಿಂತವರೂ ಸೇರಿ ಎಲ್ಲರಿಗೂ ಪಾಲಿಕಾರ್ಬೊನೇಟ್ ಕನ್ನಡಕ ಬೇಕು. ಚರೆ ತುಂಬಿದ ಬಂದೂಕನ್ನು ಹಿರಿಯರಿಲ್ಲದೆ ಮಗುವಿನ ಕೈಗೆ ಕೊಡಬಾರದು. ಆಟ ಮುಗಿದ ಮೇಲೆ ಬಂದೂಕಿಗೂ ಚರೆಗೂ ಬೇರೆ ಬೇರೆ ಬೀಗ. ಹಕ್ಕಿಗಳ ಕಡೆಗೆ ನಳಿಗೆ ತಿರುಗಿಸಬಾರದೆಂಬುದು ಮೊದಲ ದಿನದ ಪಾಠವಾಗಬೇಕು. ಬಾಲಕ ಸಲೀಂ ಅಲಿ ಏರ್‌ಗನ್ನಿನಿಂದ ಉರುಳಿಸಿದ ಹಳದಿ ಕತ್ತಿನ ಗುಬ್ಬಿ ಅವರನ್ನು ಪಕ್ಷಿಶಾಸ್ತ್ರದತ್ತ ಒಯ್ದಿತು, ನಿಜ. ಆದರೆ ಅದು ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವುದಕ್ಕೆ ಬಹಳ ಮುಂಚಿನ ಮಾತು.

ಕಾನೂನು ದೇಶಕ್ಕೊಂದು ಬಗೆ. ಇಂಗ್ಲೆಂಡಿನಲ್ಲಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೌಲ್ ಒಳಗಿನ ಏರ್ ರೈಫಲ್‌ಗೆ ಪರವಾನಗಿ ಬೇಡ. ಆದರೆ 14ರ ಕೆಳಗಿನ ಮಕ್ಕಳ ಪಕ್ಕದಲ್ಲಿ 21 ತುಂಬಿದವರು ಇರಲೇಬೇಕು, ಚರೆ ಬೇಲಿ ದಾಟಿದರೆ ಅಪರಾಧ. ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಪ್ರಮಾಣಪತ್ರವೂ ಬೇಕು. ಭಾರತದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಇಂಚು ಅಂದರೆ 4.5 ಮಿ.ಮೀ. ನಳಿಗೆಯ, 20 ಜೌಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಅಂಗಡಿಯವರು ಕೊಳ್ಳುವ ಹಿರಿಯರ ಗುರುತಿನ ಚೀಟಿ ಕೇಳುತ್ತಾರೆ. ಅದರ ಪ್ರತಿಯನ್ನೂ ರಸೀದಿಯನ್ನೂ ಬಂದೂಕಿನ ಜೊತೆಗೇ ಇಟ್ಟುಕೊಳ್ಳುವುದು ಲೇಸು.