ರೇಷ್ಮೆ ನೂಲಿನ ಯುದ್ಧನೌಕೆಗಳು

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಸುವವರನ್ನು ನೀವೆಲ್ಲ ನೋಡಿದ್ದೀರಿ. ಯುದ್ಧನೌಕೆಯ ಕಸೂತಿ ಕೂಡಿಸುವವರೂ ಇದ್ದಾರೆ ಎಂದರೆ ನಂಬುತ್ತೀರಾ? ಘಟ್ಟ ಇಳಿಯದೆ ಕಡಲು ಕಾಣದ ನಮ್ಮ ಕದರಮಂಡಲಗಿಯಲ್ಲಿ ಕುಳಿತು ಆ ಹವ್ಯಾಸಕ್ಕೆ ಬಿದ್ದ, ಎಪ್ಪತ್ತು ದಾಟಿದ ಮುದುಕ ನಾನು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಜರ್ ಬರೆದವನು. ನಿವೃತ್ತಿಯ ನಂತರ, ಅಮೆರಿಕದಲ್ಲಿರುವ ಸೋದರಳಿಯ ಅಲ್ಲಿನ ಹಳೇ ಸಾಮಾನಿನ ಸಂತೆಯಿಂದ ಒಂದೊಂದಾಗಿ ತಂದುಕೊಟ್ಟ ನಾಲ್ಕು ಚಿತ್ರಗಳು ಈಗ ನನ್ನಲ್ಲಿವೆ.

ನಾವಿಕರ ಕೈಯಲ್ಲಿ ಸೂಜಿ

ಹಾಯಿಹಡಗಿನ ಕಾಲದಲ್ಲಿ ನಾವಿಕನಿಗೆ ಸೂಜಿ ಹಿಡಿಯಲು ಬರಲೇಬೇಕಿತ್ತು. ಹರಿದ ಹಾಯಿ ಹೊಲಿಯುವವನೂ ಅವನೇ, ತನ್ನ ಅಂಗಿಗೆ ತೇಪೆ ಹಾಕುವವನೂ ಅವನೇ. 19ನೇ ಶತಮಾನದ ಬ್ರಿಟಿಷ್ ನಾವಿಕರು ಬಿಡುವಿನ ಹೊತ್ತಿನಲ್ಲಿ ತಮ್ಮ ಹಡಗಿನ ಚಿತ್ರವನ್ನು ಉಣ್ಣೆ ನೂಲಿನಿಂದ ಬಟ್ಟೆಯ ಮೇಲೆ ಹೊಲಿಯುತ್ತಿದ್ದರು. ಸಂಗ್ರಹಕಾರರು ಇವನ್ನು ‘ವುಲಿ’ ಎಂದು ಕರೆಯುತ್ತಾರೆ.

ಉಗಿಹಡಗು ಬಂದ ಮೇಲೆ ಹಾಯಿ ಹೊಲಿಯುವ ಕೆಲಸ ಕಡಿಮೆಯಾಯಿತು. ಆದರೆ ಚಿತ್ರದ ಆಸೆ ಹೋಗಲಿಲ್ಲ. ಜಪಾನಿನ ಯೊಕೊಹಾಮಾ, ಚೀನಾದ ಕರಾವಳಿಯ ಹಾಂಗ್‌ಕಾಂಗ್‌ನಂಥ ಬಂದರುಗಳ ಅಂಗಡಿಗಳಲ್ಲಿ ನುರಿತ ಕಸೂತಿಗಾರರು ಬಂದ ನಾವಿಕರಿಗಾಗಿ ರೇಷ್ಮೆಯಲ್ಲಿ ಚಿತ್ರ ಮಾಡಿಕೊಡತೊಡಗಿದರು. ಹದ್ದು, ಡ್ರ್ಯಾಗನ್, ದೇಶದೇಶಗಳ ಬಾವುಟ, ಹಡಗು ಮತ್ತು ಅದರ ಹೆಸರು. ಎಷ್ಟೋ ಚಿತ್ರಗಳ ನಡುವೆ ಮೊಟ್ಟೆಯಾಕಾರದ ಒಂದು ಜಾಗ ಬಿಟ್ಟಿರುತ್ತಿದ್ದರು. ನಾವಿಕ ಅಲ್ಲಿ ತನ್ನ ಫೋಟೊ ಇಟ್ಟು ಮನೆಗೆ ಒಯ್ಯುತ್ತಿದ್ದ.

ನಕ್ಷತ್ರ ಎಣಿಸಿ, ವರ್ಷ ಹೇಳಿ

ಬ್ಯಾಂಕಿನಲ್ಲಿ ಚೆಕ್ಕು ಬಂದರೆ ತಾರೀಖು, ಸಹಿ ನೋಡುತ್ತಿದ್ದೆ. ಇಲ್ಲಿ ಮೊದಲು ಬಾವುಟ ನೋಡುತ್ತೇನೆ. ಅಮೆರಿಕದ ಬಾವುಟದಲ್ಲಿ ರಾಜ್ಯಕ್ಕೊಂದು ನಕ್ಷತ್ರ. ಹೊಸ ರಾಜ್ಯ ಸೇರಿದಾಗ ನಕ್ಷತ್ರವೂ ಹೆಚ್ಚುತ್ತದೆ. 1896ರಿಂದ 1908ರವರೆಗೆ 45, ಅಲ್ಲಿಂದ 1912ರವರೆಗೆ 46, ಮುಂದೆ 1959ರವರೆಗೆ 48. ನನ್ನ ಒಂದು ಚಿತ್ರದ ನಕ್ಷತ್ರಗಳನ್ನು ಭೂತಗನ್ನಡಿ ಹಿಡಿದು ಎಣಿಸಿದವಳು ಮೊಮ್ಮಗಳು. ಮೂರು ಸಲ ಎಣಿಸಿದಳು, ಮೂರು ಸಲವೂ 46. ಅಮೆರಿಕದ 16 ಯುದ್ಧನೌಕೆಗಳು ಲೋಕ ಸುತ್ತುತ್ತ ಯೊಕೊಹಾಮಾಕ್ಕೆ ಬಂದದ್ದು 1908ರ ಅಕ್ಟೋಬರಿನಲ್ಲಿ. ಹತ್ತಿರ ಹತ್ತಿರ ಅದೇ ಕಾಲದ ಚಿತ್ರ!

ಬ್ರಿಟಿಷ್ ನಾವಿಕನ ಫೋಟೊ ಇದ್ದರೆ ಟೋಪಿಯ ಪಟ್ಟಿ ನೋಡಿ. ಸಾಮಾನ್ಯವಾಗಿ ಅದರ ಮೇಲೆ ಹಡಗಿನ ಹೆಸರು ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಗುಟ್ಟು ಕಾಯಲು ಹೆಸರು ಬಿಟ್ಟು ‘ಎಚ್.ಎಂ.ಎಸ್.’ ಎಂಬ ಮೂರೇ ಅಕ್ಷರ ಇಟ್ಟರು.

ಹಿಂಬದಿಯೂ ಮಾತಾಡುತ್ತದೆ

ಮೊದಲ ಚಿತ್ರ ಮನೆಗೆ ಬಂದ ದಿನ ನಾನು ಹಡಗು ನೋಡುತ್ತಿದ್ದರೆ, ಧಾರವಾಡದ ಕಡೆಯವಳಾದ ನನ್ನ ಹೆಂಡತಿ ಅದನ್ನು ಬೋರಲು ಹಾಕಿದಳು. “ಹಿಂದ ನೋಡಲಾರದ ಕಸೂತಿಗೆ ಬೆಲಿ ಕಟ್ಟಬ್ಯಾಡ್ರೀ” ಎಂದಳು. ನಮ್ಮ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂಥಿ ಎಂದು ನಾಲ್ಕು ಬಗೆ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹೊಲಿಯಬೇಕು. ಗವಂತಿ, ಮುರಗಿ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ಹಡಗಿನ ಚಿತ್ರ ಹಾಗಲ್ಲ, ಹಿಂದೆ ಎಳೆಗಳು ಅಡ್ಡಾದಿಡ್ಡಿ ಓಡಿರುತ್ತವೆ. ಆ ಓಟವೇ ಕೈಕೆಲಸದ ಗುರುತು. ಎಲ್ಲ ಹೊಲಿಗೆಯೂ ಅಳತೆ ಹಿಡಿದಂತೆ ಒಂದೇ ಸಮ, ಹಿಂದೆ ಬೇರೊಂದು ತೆಳು ದಾರ ಕಂಡರೆ ಅದು ಮಷೀನಿನ ಕೆಲಸ ಇರಬಹುದು.

ಬಿಸಿಲೇ ಶತ್ರು

ರೇಷ್ಮೆಯ ಮೊದಲ ಶತ್ರು ಬಿಸಿಲು. ಇನ್ನೊಂದು ಶತ್ರು ನೂಲಿನ ಒಳಗೇ ಇದೆ. ಗೂಡಿನ ನೂಲಿನ ಅಂಟು ತೆಗೆದರೆ ತೂಕ ಸುಮಾರು ಕಾಲುಭಾಗ ಇಳಿಯುತ್ತದೆ. ಅದನ್ನು ತುಂಬಿಸಲು ಆಗಿನ ಕಾರ್ಖಾನೆಗಳು ತವರದಂಥ ಲೋಹದ ಲವಣ ಬೆರೆಸುತ್ತಿದ್ದವು. ಒಣಮೆಣಸಿನಕಾಯಿಗೆ ನೀರು ಹೊಡೆದು ತೂಕ ಏರಿಸುವುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ! ಅಂಥ ರೇಷ್ಮೆ ವರ್ಷ ಕಳೆದಂತೆ ಹಪ್ಪಳದಂತೆ ಮುರಿಯುತ್ತದೆ. ಆದ್ದರಿಂದ ಮಡಚಬೇಡಿ, ತೊಳೆಯಬೇಡಿ, ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ. ತೊಳೆದು ಒಣಗಿಸಿದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಕತ್ತಲಲ್ಲಿ ಚಪ್ಪಟೆಯಾಗಿ ಇಡಿ. ನುಸಿಗುಳಿಗೆ ರೇಷ್ಮೆಗೆ ತಾಗದಿರಲಿ.

ಖಾಲಿ ಉಳಿದ ಜಾಗ

ಮೊಮ್ಮಗಳು ನಕ್ಷತ್ರ ಎಣಿಸಿದ ಆ ಚಿತ್ರದ ನಡುವಿನ ಜಾಗ ಖಾಲಿ. ಫೋಟೊ ಯಾರೋ ತೆಗೆದಿದ್ದಾರೆ. “ಅಜ್ಜಾ, ಇದು ಯಾರದು?” ಎಂದು ಅವಳು ಕೇಳಿದಳು. ನಕ್ಷತ್ರ ಕಾಲ ಹೇಳುತ್ತದೆ, ಒಡೆಯನ ಹೆಸರು ಹೇಳುವುದಿಲ್ಲ. ಸಾವಿರಾರು ಮೈಲಿ ದೂರದಿಂದ ಯಾರಿಗೋ ಪ್ರೀತಿಯಿಂದ ಒಯ್ದ ವಸ್ತು, ಹೆಸರಿಲ್ಲದೆ ಸಂತೆಗೆ ಬಂದಿತು. ಹಿಂಬದಿಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ನಮ್ಮ ಮನೆಗಳಲ್ಲೂ ಇದೇ ಕಥೆ. ಟ್ರಂಕಿನಲ್ಲಿ ಚಂದ್ರಕಾಳಿ ಸೀರೆ ಇರುತ್ತದೆ, ಅದರ ಮೇಲಿನ ತೇರು, ಗೋಪುರ, ಆನೆ ಹೊಲಿದವರು ಯಾರೆಂದು ಮೂರನೇ ತಲೆಮಾರಿಗೆ ಗೊತ್ತಿರುವುದಿಲ್ಲ. ಕೊನೆಗೆ ಸೀರೆ ಕೌದಿಯ ತುಂಡಾಗುತ್ತದೆ, ಇಲ್ಲವೇ ಸ್ಟೀಲ್ ಪಾತ್ರೆಗೆ ಬದಲಾಗುತ್ತದೆ. ನನ್ನ ಹೆಂಡತಿ ಈಗ ತನ್ನ ತಾಯಿಯ ಸೀರೆಯ ಜೊತೆ ಚೀಟಿ ಇಟ್ಟಿದ್ದಾಳೆ: ಹೊಲಿದವರು ಯಾರು, ಯಾವ ಊರು, ಯಾರ ಮದುವೆಗೆ.

ಮಕ್ಕಳೇ, ಈ ಭಾನುವಾರ ಅಜ್ಜಿಯನ್ನು ಕೂರಿಸಿಕೊಂಡು ಟ್ರಂಕು ತೆಗೆಸಿ. ಒಂದೊಂದು ಬಟ್ಟೆಯ ಹೆಸರು, ಊರು, ವರ್ಷ ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಚೀಟಿಯನ್ನು ಪೆನ್ಸಿಲ್ಲಿನಿಂದ ಬರೆದು ಜೊತೆಗಿಡಿ, ಶಾಯಿ ಬಟ್ಟೆಗೆ ಹತ್ತುತ್ತದೆ. ಸಂಗ್ರಹ ಶುರುವಾಗುವುದು ಅಲ್ಲಿಂದಲೇ.