ಎಂಟರಲ್ಲಿ ಒಂದು: ಅಪರೂಪದ ಕಾರ್ಡ್ ಮತ್ತು ಸಂಭವನೀಯತೆಯ ಪಾಠ

ಸಂಭವನೀಯತೆ ಘಟಕದಲ್ಲಿ ಮಕ್ಕಳು ಸೂತ್ರವನ್ನು ಬೇಗ ಕಲಿಯುತ್ತಾರೆ. ಆದರೆ 1/8 ಎಂದು ಸರಿಯಾಗಿ ಉತ್ತರ ಬರೆದ ವಿದ್ಯಾರ್ಥಿಯೇ ‘ಎಂಟು ಸಲ ಪ್ರಯತ್ನಿಸಿದರೆ ಒಂದು ಸಲ ಸಿಕ್ಕೇ ಸಿಗುತ್ತದೆ’ ಎಂದು ನಂಬಿರುವುದುಂಟು. ಈ ತಪ್ಪು ಗ್ರಹಿಕೆಯನ್ನು ಬಿಡಿಸಲು ಸಂಗ್ರಹ ಕಾರ್ಡ್ ಆಟವೊಂದರ ‘ಮಿಥಿಕ್ ರೇರ್’ ಕಾರ್ಡ್ ಒಳ್ಳೆಯ ಉದಾಹರಣೆ.

ಹಿನ್ನೆಲೆ

‘ಮ್ಯಾಜಿಕ್: ದ ಗ್ಯಾದರಿಂಗ್’ ಆಟವನ್ನು ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 1993ರಲ್ಲಿ ಹೊರತಂದಿತು. ಇದನ್ನು ರೂಪಿಸಿದ ರಿಚರ್ಡ್ ಗಾರ್‌ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಕಾರ್ಡುಗಳು ಮುಚ್ಚಿದ ಪೊಟ್ಟಣದಲ್ಲಿ ಮಾರಾಟವಾಗುತ್ತವೆ. ಒಳಗೆ ಯಾವುದಿದೆ ಎಂಬುದು ತೆರೆದ ಮೇಲೆಯೇ ತಿಳಿಯುವುದು. ಕಾಮನ್, ಅನ್‌ಕಾಮನ್, ರೇರ್ ಎಂಬ ಮೂರು ಹಂತಗಳ ಮೇಲೆ 2008ರ ‘ಶಾರ್ಡ್ಸ್ ಆಫ್ ಅಲಾರಾ’ ಸರಣಿಯಲ್ಲಿ ಮಿಥಿಕ್ ರೇರ್ ಎಂಬ ನಾಲ್ಕನೆಯ ಹಂತ ಸೇರಿತು. ರೇರ್ ಕಾರ್ಡಿನ ಸರಣಿ ಚಿಹ್ನೆ ಚಿನ್ನದ ಬಣ್ಣದ್ದು, ಮಿಥಿಕ್ ರೇರ್‌ನದು ಕೆಂಪು ಮಿಶ್ರಿತ ಕಿತ್ತಳೆ. ಪ್ರತಿ ಪೊಟ್ಟಣದಲ್ಲೂ ರೇರ್ ಕಾರ್ಡಿಗೆ ಒಂದು ಸ್ಥಾನವಿರುತ್ತದೆ. 2008ರ ಆ ಸರಣಿಯಲ್ಲಿ ಸುಮಾರು ಎಂಟು ಪೊಟ್ಟಣಗಳಲ್ಲಿ ಒಂದರಲ್ಲಿ ಆ ಸ್ಥಾನಕ್ಕೆ ಮಿಥಿಕ್ ರೇರ್ ಬರುತ್ತಿತ್ತು.

ಲೆಕ್ಕ

ಪ್ರತಿ ಪೊಟ್ಟಣವನ್ನೂ ಸ್ವತಂತ್ರ ಘಟನೆ ಎಂದು ಭಾವಿಸೋಣ. ಒಂದು ಪೊಟ್ಟಣದಲ್ಲಿ ಮಿಥಿಕ್ ಸಿಗದಿರುವ ಸಂಭವನೀಯತೆ 7/8. ಎಂಟರಲ್ಲೂ ಸಿಗದಿರುವುದು 7/8ರ ಎಂಟನೆಯ ಘಾತ, ಅಂದರೆ ಸುಮಾರು 0.34. ನೂರು ಮಂದಿ ತಲಾ ಎಂಟು ಪೊಟ್ಟಣ ಕೊಂಡರೆ ಸುಮಾರು 34 ಮಂದಿಗೆ ಒಂದೂ ಸಿಗದು. ಏಳು ಪೊಟ್ಟಣ ಖಾಲಿ ಹೋದವನಿಗೂ ಎಂಟನೆಯದರಲ್ಲಿ ಇರುವ ಅವಕಾಶ 1/8 ಮಾತ್ರ. ಹಿಂದಿನ ಸೋಲು ಪೊಟ್ಟಣಕ್ಕೆ ಗೊತ್ತಿರುವುದಿಲ್ಲ.

ಆ ಸರಣಿಯಲ್ಲಿ ಮಿಥಿಕ್ ಕಾರ್ಡುಗಳು 15. ಅವು ಸಮಪ್ರಮಾಣದಲ್ಲಿದ್ದರೆ, ಬೇಕಾದ ಒಂದೇ ಕಾರ್ಡ್ ಸಿಗುವ ಸಂಭವನೀಯತೆ 1/8 × 1/15, ಅಂದರೆ 1/120. 120 ಪೊಟ್ಟಣ ತೆರೆದರೂ ಅದು ಸಿಗದೇ ಹೋಗುವ ಸಂಭವನೀಯತೆ ಸುಮಾರು 0.37.

ತರಗತಿ ಚಟುವಟಿಕೆ

ಇದಕ್ಕೆ ಕಾರ್ಡುಗಳೇ ಬೇಡ. ಮೂರು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದಾಗ ಮೂರೂ ಶಿರ ಬೀಳುವ ಸಂಭವನೀಯತೆಯೂ 1/8. ಒಂದು ಚಿಮ್ಮುಗೆಯೇ ಒಂದು ಪೊಟ್ಟಣ. ಮೂರು ಶಿರ ಬಂದರೆ ಮಿಥಿಕ್.

ಮೊದಲು ‘ಎಂಟು ಸಲ ಚಿಮ್ಮಿದರೆ ಎಷ್ಟು ಮಂದಿಗೆ ಒಂದೂ ಬರಲಾರದು?’ ಎಂದು ಕೇಳಿ, ಊಹೆಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಿ. ಊಹಿಸದೆ ಚಿಮ್ಮಿದರೆ ಅದು ಬರಿ ಆಟವಾಗುತ್ತದೆ. ಬಳಿಕ ಪ್ರತಿಯೊಬ್ಬರೂ ಎಂಟು ಸಲ ಚಿಮ್ಮಿ ದಾಖಲಿಸಲಿ. 40 ಮಕ್ಕಳಿದ್ದರೆ ಒಟ್ಟು 320 ಚಿಮ್ಮುಗೆ; ಸುಮಾರು 40 ಮಿಥಿಕ್ ನಿರೀಕ್ಷಿಸಬಹುದು. ಸರಾಸರಿ ತಲಾ ಒಂದು. ಆದರೂ ಸುಮಾರು 14 ಮಕ್ಕಳ ಕೈ ಖಾಲಿ, ಕೆಲವರಿಗೆ ಎರಡು ಮೂರು. ‘ಸರಾಸರಿ ಒಂದು’ ಮತ್ತು ‘ಪ್ರತಿಯೊಬ್ಬರಿಗೂ ಒಂದು’ ಇವೆರಡರ ವ್ಯತ್ಯಾಸ ಮಕ್ಕಳ ಕಣ್ಣೆದುರೇ ಕಾಣುತ್ತದೆ.

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದದ್ದು

ಒಂದು, ಖಾಲಿ ಕೈಯವರ ಸಂಖ್ಯೆ 11 ಅಥವಾ 17 ಬಂದರೆ ಗಾಬರಿಯಾಗಬೇಡಿ. ವೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆಂದು ಅದನ್ನು 14ಕ್ಕೆ ತಿದ್ದಬೇಡಿ. ತಿದ್ದಿದ ಕ್ಷಣವೇ ‘ಲೆಕ್ಕದಂತೆ ಬಂದೇ ಬರುತ್ತದೆ’ ಎಂಬ ಹಳೆಯ ನಂಬಿಕೆಗೆ ನಾವೇ ಮರಳುತ್ತೇವೆ.

ಎರಡು, ಮನೆಯಿಂದ ಕಾರ್ಡ್ ತರಲು ಹೇಳಬೇಡಿ. ಕೊಳ್ಳಲಾಗದ ಮಗು ಪಾಠದಿಂದ ಹೊರಗುಳಿಯುತ್ತದೆ.

ಮೂರು, ‘ಇನ್ನೊಂದು ಕೊಂಡರೆ ಸಿಗುತ್ತದೆ’ ಎಂಬ ಆಸೆಯಿಂದಲೇ ಇಂಥ ವಸ್ತುಗಳು ಮಾರಾಟವಾಗುತ್ತವೆ. ಈ ಬಗ್ಗೆ ಉಪದೇಶ ಬೇಕಿಲ್ಲ. ಕೊನೆಯ ಐದು ನಿಮಿಷದಲ್ಲಿ ಮೌಲ್ಯಮಾಪನಕ್ಕೆ ಈ ಪ್ರಶ್ನೆ ಕೊಡಿ: ‘ಏಳು ಪೊಟ್ಟಣ ಖಾಲಿ ಹೋದ ಗೆಳೆಯ ಎಂಟನೆಯದಕ್ಕೆ ಸಾಲ ಕೇಳುತ್ತಾನೆ, ಈ ಸಲ ಖಂಡಿತ ಎನ್ನುತ್ತಾನೆ. ಅವನಿಗೆ ಲೆಕ್ಕದ ಮೂಲಕ ಏನು ಹೇಳುವಿರಿ?’ ಸೂತ್ರ ಬರೆದವರಲ್ಲಿ ಎಷ್ಟು ಮಂದಿಗೆ ಪರಿಕಲ್ಪನೆ ತಿಳಿದಿದೆ ಎಂಬುದು ಆ ಉತ್ತರಗಳಿಂದ ಗೊತ್ತಾಗುತ್ತದೆ.